ಯಾರಿಗೆ ಬೇಡ? ಬೆಂಗಳೂರಿನ ಎರಡು ಹ್ಯಾಶ್‌ಟ್ಯಾಗ್‌ಗಳಲ್ಲಿ ಅಧ್ಯಾಹಾರ ಮತ್ತು ರಾಜಕೀಯ ಅರಿವು

ಸಾರಾಂಶ

ಸಾಮಾಜಿಕ ಮಾಧ್ಯಮವು ರಾಜಕೀಯ ಅರಿವನ್ನು ಹೆಚ್ಚಿಸುತ್ತದೆಯೇ ಅಥವಾ ತೆಳುವಾಗಿಸುತ್ತದೆಯೇ ಎಂಬ ಚರ್ಚೆಯು ಬಹುಮಟ್ಟಿಗೆ ಸಂಖ್ಯೆಗಳನ್ನು ಆಧರಿಸಿ ನಡೆದಿದೆ. ಈ ಲೇಖನವು ಅದೇ ಪ್ರಶ್ನೆಯನ್ನು ವ್ಯಾಕರಣದ ಕಡೆಯಿಂದ ಎತ್ತಿಕೊಳ್ಳುತ್ತದೆ. 2016ರ ‘ಸ್ಟೀಲ್ ಫ್ಲೈಓವರ್ ಬೇಡ’ ಮತ್ತು 2017ರ ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಎರಡು ಹ್ಯಾಶ್‌ಟ್ಯಾಗ್‌ಗಳಲ್ಲಿ ‘ಬೇಡ’ ಎಂಬ ರೂಪ ಮಾಡುವ ಕೆಲಸವನ್ನು ಪರಿಶೀಲಿಸಿ, ಅಲ್ಲಿ ಬಿಟ್ಟುಹೋದ ಚತುರ್ಥಿ ಮತ್ತು ಸಪ್ತಮಿ ಪದಗಳೇ ಈ ಹೋರಾಟಗಳ ಬಲಕ್ಕೂ ಅವು ಪಡೆದ ತಪ್ಪು ಓದಿಗೂ ಕಾರಣವೆಂದು ವಾದಿಸುತ್ತದೆ. ಬೀದಿಯ ಘೋಷಣೆಯಲ್ಲೂ ಇಂಥ ಲೋಪಗಳಿರುತ್ತವೆ. ಆದರೆ ಅಲ್ಲಿ ಸ್ಥಳವೂ ಜನರ ಉಪಸ್ಥಿತಿಯೂ ಲೋಪವನ್ನು ತುಂಬುತ್ತವೆ. ಹ್ಯಾಶ್‌ಟ್ಯಾಗಿಗೆ ಆ ಆಸರೆಯಿಲ್ಲ.

ಪ್ರಮುಖ ಪದಗಳು: ಹ್ಯಾಶ್‌ಟ್ಯಾಗ್, ಅಧ್ಯಾಹಾರ, ಚತುರ್ಥಿ ಕರ್ತೃ, ನಿಷೇಧ, ಭಾಷಾ ಹೋರಾಟ, ಬೆಂಗಳೂರು

1. ಪ್ರವೇಶ

ಕ್ರಿಸ್ ಮೆಸಿನಾ 2007ರ ಆಗಸ್ಟ್‌ನಲ್ಲಿ ಟ್ವಿಟರ್‌ನಲ್ಲಿ ಹ್ಯಾಶ್ ಚಿಹ್ನೆಯ ಬಳಕೆಯನ್ನು ಸೂಚಿಸಿದಾಗ ಅದರ ಉದ್ದೇಶ ಸರಳವಾಗಿತ್ತು: ಒಂದೇ ವಿಷಯದ ಮಾತುಗಳನ್ನು ಒಂದು ಗುಂಪಿಗೆ ಸೇರಿಸುವುದು. ಮುಂದಿನ ಹತ್ತು ವರ್ಷಗಳಲ್ಲಿ ಆ ಗುರುತುಚೀಟಿ ಬೇಡಿಕೆಯಾಯಿತು, ಖಂಡನೆಯಾಯಿತು, ಹೋರಾಟದ ಹೆಸರಾಯಿತು. ಮಿಷೆಲ್ ಜಪ್ಪಾವಿನ್ಯಾ 2012ರ ತಮ್ಮ ಅಧ್ಯಯನದಲ್ಲಿ ಇದನ್ನು ಹುಡುಕಲು ಒದಗುವ ಮಾತು ಎಂಬ ನೆಲೆಯಲ್ಲಿ ವಿವರಿಸಿದರು; ಪರಸ್ಪರ ಪರಿಚಯವಿಲ್ಲದವರೂ ಒಂದೇ ಟ್ಯಾಗಿನ ಸುತ್ತ ಒಂದು ಬಗೆಯ ನಂಟನ್ನು ಕಟ್ಟಿಕೊಳ್ಳುತ್ತಾರೆ ಎಂಬುದು ಅವರ ವಾದ. ಅದೇ ವರ್ಷ ಬೆನೆಟ್ ಮತ್ತು ಸೆಗರ್‌ಬರ್ಗ್, ಸಂಘಟನೆಯ ಸದಸ್ಯತ್ವವಿಲ್ಲದೆ, ಪ್ರತಿಯೊಬ್ಬರೂ ತಮ್ಮದೇ ಅನುಭವವನ್ನು ಸೇರಿಸಿ ಹಂಚಿಕೊಳ್ಳುವ ಹೊಸ ಬಗೆಯ ಸಾಮೂಹಿಕ ಕ್ರಿಯೆಯನ್ನು ಗುರುತಿಸಿದರು. 2017ರಲ್ಲಿ ಝೈನೆಪ್ ತುಫೆಕ್ಚಿ ಇದಕ್ಕೆ ಎಚ್ಚರಿಕೆಯ ಮಾತೊಂದನ್ನು ಸೇರಿಸಿದರು: ಬೇಗ ಸೇರುವ ಜನ, ನಿಧಾನವಾಗಿ ಸೇರುವಾಗ ಬೆಳೆಯುವ ಒಗ್ಗಟ್ಟಿನ ಕಸುವನ್ನು ಬೆಳೆಸಿಕೊಂಡಿರುವುದಿಲ್ಲ.

ಈ ಮೂರೂ ಚಿಂತನೆಗಳು ಉಪಯುಕ್ತವೇ. ಆದರೆ ಅವುಗಳಿಂದ ಪ್ರೇರಿತವಾದ ನಮ್ಮ ಚರ್ಚೆಗಳು ಟ್ಯಾಗ್ ಎಷ್ಟು ಬಾರಿ ಬಳಕೆಯಾಯಿತು, ಯಾವ ಊರಿನಿಂದ ಬಂತು, ಎಷ್ಟು ದಿನ ಮೇಲಿತ್ತು ಎಂಬಲ್ಲಿಗೆ ನಿಂತುಬಿಡುತ್ತವೆ. ಆ ಟ್ಯಾಗ್ ಯಾವ ಭಾಷೆಯ ಯಾವ ರಚನೆ, ಆ ರಚನೆ ಏನನ್ನು ಹೇಳಲು ಬಿಡುತ್ತದೆ, ಏನನ್ನು ಹೇಳದೆ ಉಳಿಸುತ್ತದೆ ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ರಾಜಕೀಯ ಅರಿವೆಂದರೆ ಕನಿಷ್ಠ ಪಕ್ಷ ಮೂರು ಸಂಗತಿಗಳು ಸ್ಪಷ್ಟವಿರುವುದು ಎಂದು ಇಲ್ಲಿ ಭಾವಿಸಲಾಗಿದೆ: ಏನನ್ನು ಕೇಳುತ್ತಿದ್ದೇವೆ, ಯಾರ ಪರವಾಗಿ ಕೇಳುತ್ತಿದ್ದೇವೆ, ಎಲ್ಲಿಯ ಮಟ್ಟಿಗೆ ಕೇಳುತ್ತಿದ್ದೇವೆ. ಕನ್ನಡದಲ್ಲಿ ಈ ಮೂರಕ್ಕೂ ವಾಕ್ಯದಲ್ಲಿ ಗೊತ್ತಾದ ಜಾಗಗಳಿವೆ. ಆದ್ದರಿಂದ ಕನ್ನಡದ ಟ್ಯಾಗ್ ಒಂದರ ಅರಿವನ್ನು ಅದರ ವಾಕ್ಯರಚನೆಯಿಂದಲೇ ಪರೀಕ್ಷಿಸಲು ಸಾಧ್ಯ.

ಇಲ್ಲಿ ಚರ್ಚಿಸುವ ಟ್ಯಾಗ್‌ಗಳು ಮುಖ್ಯವಾಗಿ ರೋಮನ್ ಲಿಪಿಯಲ್ಲಿ, ಪದಗಳ ನಡುವೆ ತೆರಪಿಲ್ಲದೆ ಚಲಾವಣೆಗೊಂಡವು. ಓದಿನ ಅನುಕೂಲಕ್ಕಾಗಿ ಅವುಗಳನ್ನು ಕನ್ನಡ ಲಿಪಿಯಲ್ಲಿ ಬಿಡಿಸಿ ಬರೆಯಲಾಗಿದೆ. ಉದಾಹರಣೆಯ ವಾಕ್ಯಗಳು ಲೇಖಕಿಯವು. ಅವುಗಳ ಸಾಧುತ್ವದ ತೀರ್ಮಾನವು ಹಳೆಯ ಮೈಸೂರು ಭಾಗದ ಬಳಕೆಯನ್ನು ಆಧರಿಸಿದೆ.

2. ‘ಬೇಡ’ದ ವ್ಯಾಕರಣ

‘ಬೇಕು’ ಮತ್ತು ‘ಬೇಡ’ ಕನ್ನಡದ ಅಪೂರ್ಣ ಕ್ರಿಯಾರೂಪಗಳು. ನಾಮಪದದೊಡನೆ ಬಂದಾಗ ಅವು ಪುರುಷ, ಲಿಂಗ, ವಚನಗಳಿಗೆ ಬದಲಾಗುವುದಿಲ್ಲ.

(1) ನನಗೆ ಕಾಫಿ ಬೇಡ.
(2) ಅವರಿಗೆ ಕಾಫಿ ಬೇಡ.

ಯಾರಿಗೆ ಎಂಬುದು ಚತುರ್ಥಿಯಲ್ಲಿ ಬರುತ್ತದೆ. ಕ್ರಿಯೆಯ ಮೇಲೆ ಅದರ ಗುರುತು ಮೂಡುವುದಿಲ್ಲ. ಕನ್ನಡದಲ್ಲಿ ‘ಬಂದೆವು’ ಎಂದರೆ ‘ನಾವು’ ಎಂದು ಹೇಳಬೇಕಾದ ಅಗತ್ಯವಿಲ್ಲ, ಪ್ರತ್ಯಯವೇ ಅದನ್ನು ಹೇಳುತ್ತದೆ. ‘ಬೇಡ’ ಎಂದರೆ ಮಾತ್ರ ಆ ಅನುಕೂಲವಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ‘ಒಲ್ಲೆ, ಒಲ್ಲೆವು, ಒಲ್ಲರು’ ಎಂಬ ರೂಪಗಳನ್ನು ನೋಡಬಹುದು. ಉತ್ತರ ಕರ್ನಾಟಕದ ಮಾತಿನಲ್ಲಿ ಇನ್ನೂ ಜೀವಂತವಾಗಿರುವ ಈ ಕ್ರಿಯಾಪದ ಬೇಡವೆನ್ನುವವರನ್ನು ತನ್ನೊಳಗೇ ಹೊತ್ತಿರುತ್ತದೆ. ‘ಒಲ್ಲೆವು’ ಎಂದವರು ತಾವು ಒಂದು ಗುಂಪೆಂದು ಒಪ್ಪಿಕೊಂಡೇ ಮಾತಾಡುತ್ತಾರೆ.

ಹಾಗಾದರೆ ಚತುರ್ಥಿ ಪದವಿಲ್ಲದ ‘ಬೇಡ’ವನ್ನು ಕೇಳುಗರು ಹೇಗೆ ಅರ್ಥಮಾಡಿಕೊಳ್ಳುತ್ತಾರೆ? ಇಲ್ಲೊಂದು ಕ್ರಮವಿದೆ. ‘ಕಾಫಿ ಬೇಕಾ?’ ಎಂಬ ಪ್ರಶ್ನೆಯಲ್ಲಿ ಬಿಟ್ಟುಹೋದ ಪದ ‘ನಿನಗೆ’ ಅಥವಾ ‘ನಿಮಗೆ’. ‘ಬೇಡ’ ಎಂಬ ಉತ್ತರದಲ್ಲಿ ಬಿಟ್ಟುಹೋದದ್ದು ‘ನನಗೆ’. ಬೇರೆ ಸೂಚನೆಯಿಲ್ಲದಿದ್ದರೆ ಹೇಳಿಕೆಯಲ್ಲಿ ಅನುಭೋಕ್ತೃ ಮಾತಾಡುವವನೇ, ಪ್ರಶ್ನೆಯಲ್ಲಿ ಕೇಳಿಸಿಕೊಳ್ಳುವವನೇ. ನಮ್ಮ ಹಿಂದಿನ ವೈಯಾಕರಣರು ಬಿಟ್ಟ ಪದವನ್ನು ಸಂದರ್ಭದಿಂದ ತಂದುಕೊಳ್ಳುವುದನ್ನು ಅಧ್ಯಾಹಾರ ಎಂದರು. ‘ಬೇಡ’ದ ಅಧ್ಯಾಹಾರ ಮಾತಿನ ಸಂದರ್ಭಕ್ಕೆ ಬಿಗಿಯಾಗಿ ಕಟ್ಟಿಹಾಕಿಕೊಂಡಿರುವಂಥದ್ದು.

‘ಬೇಡ’ಕ್ಕೆ ಇನ್ನೊಂದು ಮುಖವೂ ಇದೆ.

(3) ನೀನು ಹೋಗಬೇಡ. ನೀವು ಹೋಗಬೇಡಿ.
(4) ನಾವು ಹೋಗುವುದು ಬೇಡ.

(3)ರಲ್ಲಿ ಅದು ನಿಷೇಧ; ಎದುರಿಗಿರುವವರನ್ನು ಉದ್ದೇಶಿಸಿದ್ದು, ಗೌರವಕ್ಕೆ ತಕ್ಕಂತೆ ರೂಪ ಬದಲಿಸುವಂಥದ್ದು. (4)ರಲ್ಲಿ ಅದು ಸಲಹೆ, ತೀರ್ಮಾನ. ನಾಮಪದದೊಡನೆ ಒಂಟಿಯಾಗಿ ಬರುವ ‘ಬೇಡ’ವೂ ಸಂದರ್ಭ ಸಿಕ್ಕಾಗ ನಿಷೇಧವಾಗಬಲ್ಲದು: ಒಲೆಯ ಕಡೆ ಕೈಚಾಚಿದ ಮಗುವಿಗೆ ತಾಯಿ ‘ಬೇಡ!’ ಎನ್ನುವಾಗ ಅವಳು ತನ್ನ ಇಷ್ಟಾನಿಷ್ಟವನ್ನು ತಿಳಿಸುತ್ತಿಲ್ಲ, ತಡೆಯುತ್ತಿದ್ದಾಳೆ. ಹೀಗೆ ಒಂದೇ ರೂಪ ಮನಸ್ಸಿನ ಇಂಗಿತವನ್ನೂ ತಿಳಿಸುತ್ತದೆ, ಇನ್ನೊಬ್ಬರನ್ನೂ ತಡೆಯುತ್ತದೆ. ‘ಕೂಡದು’, ‘ಬಾರದು’, ‘ಸಲ್ಲದು’ ಎಂಬವು ನಿಯಮದ ಅಥವಾ ನೀತಿಯ ಕಡೆಯಿಂದ ಮಾತಾಡುತ್ತವೆ. ಹೇಳುವವರು ಅಲ್ಲಿ ಮರೆಗೆ ಸರಿಯುತ್ತಾರೆ. ‘ಬೇಡ’ದಲ್ಲಿ ಹೇಳುವವರು ಇದ್ದೇ ಇರುತ್ತಾರೆ, ಆದರೆ ಯಾರೆಂದು ಕಾಣುವುದಿಲ್ಲ.

3. ಘೋಷಣೆಯಿಂದ ಟ್ಯಾಗಿಗೆ

ಕರ್ನಾಟಕದ ಯಾವ ಚಳವಳಿಯ ಮೆರವಣಿಗೆಯಲ್ಲಿ ನಡೆದವರಿಗೂ ‘ಬೇಕೇ ಬೇಕು, ನ್ಯಾಯ ಬೇಕು’ ಎಂಬ ಘೋಷಣೆ ಪರಿಚಿತ. ಇದರಲ್ಲೂ ಯಾರಿಗೆ ಎಂಬುದಿಲ್ಲ, ಎಲ್ಲಿ ಎಂಬುದಿಲ್ಲ. ಆದ್ದರಿಂದ ಲೋಪವು ಸಾಮಾಜಿಕ ಮಾಧ್ಯಮದ ಸೃಷ್ಟಿಯೆಂದು ಹೇಳುವುದು ತಪ್ಪಾಗುತ್ತದೆ. ಘೋಷಣೆಯ ಪ್ರಕಾರವೇ ಲೋಪವನ್ನು ಬೇಡುತ್ತದೆ. ವ್ಯತ್ಯಾಸವಿರುವುದು ಅಧ್ಯಾಹಾರ ನಡೆಯುವ ಬಗೆಯಲ್ಲಿ.

ಬೀದಿಯ ಘೋಷಣೆಯಲ್ಲಿ ಒಬ್ಬರು ‘ಬೇಕೇ ಬೇಕು’ ಎನ್ನುತ್ತಾರೆ, ಉಳಿದವರು ‘ನ್ಯಾಯ ಬೇಕು’ ಎನ್ನುತ್ತಾರೆ. ದ್ವಿರುಕ್ತಿಯೂ ಅವಧಾರಣೆಯ ಏಕಾರವೂ ಹಲವು ದನಿಗಳನ್ನು ಒಂದು ತಾಳಕ್ಕೆ ತರುತ್ತವೆ. ಯಾರಿಗೆ ನ್ಯಾಯ ಬೇಕು ಎಂಬುದಕ್ಕೆ ಅಲ್ಲಿ ನಿಂತ ಜನರೇ ಉತ್ತರ. ಯಾವ ಕಚೇರಿಯ ಮುಂದೆ ನಿಂತಿದ್ದಾರೆ ಎಂಬುದರಿಂದ ಯಾರನ್ನು ಕೇಳುತ್ತಿದ್ದಾರೆ, ಯಾವ ವಿಷಯಕ್ಕೆ ಕೇಳುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಸ್ಕಾಲನ್ ದಂಪತಿ 2003ರಲ್ಲಿ ಫಲಕಗಳ ಭಾಷೆಯನ್ನು ಚರ್ಚಿಸುತ್ತ ತೋರಿಸಿದಂತೆ, ಲೋಕದಲ್ಲಿ ನೆಲೆಯೂರಿದ ಬರಹದ ಅರ್ಥದ ಒಂದು ಪಾಲು ಅದು ನೆಲೆಯೂರಿದ ಜಾಗದಿಂದಲೇ ಬರುತ್ತದೆ. ರೈಲು ನಿಲ್ದಾಣದ ಬಾಗಿಲಲ್ಲಿ ಹಿಡಿದ ಭಿತ್ತಿಪತ್ರಕ್ಕೆ ಸಪ್ತಮಿ ವಿಭಕ್ತಿ ಬೇಕಿಲ್ಲ. ಆ ಬಾಗಿಲೇ ಅದರ ಸಪ್ತಮಿ.

ಟ್ಯಾಗಿಗೆ ಜಾಗವಿಲ್ಲ. ಅದು ದೆಹಲಿಯ ಪರದೆಯ ಮೇಲೂ ದಾವಣಗೆರೆಯ ಪರದೆಯ ಮೇಲೂ ಒಂದೇ ಬಗೆಯಲ್ಲಿ ಕಾಣುತ್ತದೆ. ಹಾಕಿದವರ ಮುಖವೂ ಗುಂಪಾಗಿ ಕಾಣುವುದಿಲ್ಲ, ಎಣಿಕೆಯಾಗಿ ಕಾಣುತ್ತದೆ. ಹಿಂದಿನ ವಿಭಾಗದಲ್ಲಿ ಹೇಳಿದ ಕ್ರಮವನ್ನು ಇಲ್ಲಿಗೆ ಅನ್ವಯಿಸಿದರೆ, ‘ಬೇಡ’ ಎಂದು ಹಂಚಿಕೊಂಡ ಪ್ರತಿಯೊಬ್ಬರ ಮಾತಿನಲ್ಲೂ ಅಧ್ಯಾಹಾರವಾಗುವುದು ‘ನನಗೆ’. ಟ್ಯಾಗ್ ಒಬ್ಬರಿಂದೊಬ್ಬರಿಗೆ ದಾಟಿದಂತೆ ಆ ‘ನಾನು’ ಬದಲಾಗುತ್ತ ಹೋಗುತ್ತದೆ. ಸಾವಿರ ‘ನನಗೆ ಬೇಡ’ಗಳನ್ನು ಕೂಡಿಸಿದ ಮೊತ್ತವನ್ನು ಸುದ್ದಿವಾಹಿನಿಯು ‘ಬೆಂಗಳೂರಿಗೆ ಬೇಡ’ ಎಂದು ಓದುತ್ತದೆ. ನನಗೆ ಎಂಬುದರಿಂದ ನಮಗೆ ಎಂಬಲ್ಲಿಗೆ ಹೋಗುವ ದಾರಿ ಬೀದಿಯಲ್ಲಿ ಜನರು ಸೇರಿ ನಡೆಯುವ ದಾರಿ. ಇಲ್ಲಿ ಅದನ್ನು ಗಣಕ ಮುಗಿಸಿಕೊಡುತ್ತದೆ. ತುಫೆಕ್ಚಿ ಹೇಳುವ ಕಸುವಿನ ಕೊರತೆಯ ವ್ಯಾಕರಣರೂಪ ಇದು ಎನ್ನಬಹುದು.

ಬರವಣಿಗೆಯ ಕಟ್ಟುಗಳೂ ಇದಕ್ಕೆ ಕೂಡಿಕೊಳ್ಳುತ್ತವೆ. ಟ್ಯಾಗಿನೊಳಗೆ ತೆರಪು ಸಲ್ಲದು, ವಿರಾಮಚಿಹ್ನೆ ಸಲ್ಲದು. ಉದ್ದವಾದಷ್ಟೂ ತಪ್ಪು ಬೆರಳಚ್ಚಾಗುವ ಅಪಾಯ. ವಿಭಕ್ತಿ ಪ್ರತ್ಯಯ ಸೇರಿದೊಡನೆ ಕನ್ನಡದಲ್ಲಿ ಸಂಧಿಯೋ ಆಗಮವೋ ಆಗಿ ಪದದ ಅಂಚು ಮಸುಕಾಗುತ್ತದೆ. ರೋಮನ್ ಲಿಪಿಯಲ್ಲಿ ಬರೆದಾಗ ಈ ತೊಡಕು ಇಮ್ಮಡಿಯಾಗುತ್ತದೆ. ಆದ್ದರಿಂದ ಬೇಗ ಹರಡಬೇಕಾದ ಟ್ಯಾಗ್ ಪ್ರತ್ಯಯಗಳನ್ನು ಕಳಚಿ, ಬಿಡಿ ನಾಮಪದಗಳ ಸಾಲಿನ ಕೊನೆಗೆ ‘ಬೇಡ’ ಎಂಬ ಬದಲಾಗದ ರೂಪವನ್ನು ಇಟ್ಟುಕೊಳ್ಳುತ್ತದೆ. ಈ ಕೆಲಸಕ್ಕೆ ಕನ್ನಡದಲ್ಲಿ ‘ಬೇಡ’ದಷ್ಟು ಒದಗುವ ಪದ ಮತ್ತೊಂದಿಲ್ಲ.

4. ‘ಸ್ಟೀಲ್ ಫ್ಲೈಓವರ್ ಬೇಡ’

2016ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಲು ಹೊರಟಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾಗಿದ್ದ ಮರಗಳು 812. ಇದರ ವಿರುದ್ಧ ಎದ್ದ ದನಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಟ್ಯಾಗಿನಲ್ಲಿ ಒಂದುಗೂಡಿತು. ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಯೋಜನೆಯ ಹಾದಿಯುದ್ದಕ್ಕೂ ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಟ್ಯಾಗಿನಲ್ಲಿ ಏನು ಎಂಬುದು ಸಂಪೂರ್ಣ ಸ್ಪಷ್ಟ. ಅಂಥ ಸೇತುವೆ ಒಂದೇ ಇತ್ತು. ಹೆಸರು ಹೇಳಿದರೆ ಜಾಗವೂ ಗೊತ್ತಾಗುತ್ತಿತ್ತು. ಹಾಗಾಗಿ ಸಪ್ತಮಿಯ ಲೋಪದಿಂದ ಹಾನಿಯಾಗಲಿಲ್ಲ. ಯಾರಿಗೆ ಎಂಬುದು ಮಾತ್ರ ಖಾಲಿಯಿತ್ತು. ಅದನ್ನು ಟ್ಯಾಗ್ ತುಂಬಲಿಲ್ಲ. ಅಕ್ಟೋಬರ್ 16ರ ಸರಪಳಿ ತುಂಬಿತು. ರಸ್ತೆಯ ಬದಿಯಲ್ಲಿ ಕೈಹಿಡಿದು ನಿಂತವರನ್ನು ನೋಡಿ ‘ಇವರಿಗೆ ಬೇಡ’ ಎಂದು ಯಾರೂ ಹೇಳಬಹುದಿತ್ತು. ಪರದೆಯ ಮೇಲಿನ ‘ನನಗೆ’ಗಳು ಆ ದಿನ ‘ನಮಗೆ’ ಆದವು. ಹೋರಾಟದ ಯಶಸ್ಸನ್ನು ಟ್ಯಾಗಿಗಷ್ಟೇ ಸಲ್ಲಿಸುವವರು ಈ ಕೊಂಡಿಯನ್ನು ಮರೆಯುತ್ತಾರೆ.

ಟ್ಯಾಗಿನ ಮಿಶ್ರ ರಚನೆಯೂ ಗಮನಾರ್ಹ. ಅದರ ನಾಮಪದವೆಲ್ಲ ಇಂಗ್ಲಿಷಿನದು. ಕನ್ನಡದ್ದು ಒಂದೇ ಪದ. ಹೊರಗಿನಿಂದ ಬೆಂಗಳೂರಿಗೆ ಬಂದವರು ಅಂಗಡಿಯಲ್ಲಿ, ಆಟೋದಲ್ಲಿ, ತರಕಾರಿ ಗಾಡಿಯ ಮುಂದೆ ಮೊದಮೊದಲು ಕಲಿಯುವ ಕನ್ನಡ ಪದಗಳಲ್ಲಿ ಬೇಕು ಬೇಡಗಳು ಸೇರಿವೆ. ಪ್ರತ್ಯಯಗಳ ತೊಡಕಿಲ್ಲದ ಕಾರಣ ತಪ್ಪಿಲ್ಲದೆ ಬಳಸಲೂ ಬರುತ್ತವೆ. ಕನ್ನಡ ಓದಲು ಬಾರದವರೂ ಈ ಟ್ಯಾಗ್ ಹಾಕಿದರು. ಊರಿನ ಆಡಳಿತದ ಬಗ್ಗೆ ಊರಿನ ಭಾಷೆಯ ಪದದಲ್ಲೇ ಮಾತಾಡಿದರು. ಮುಂದೆ ಉಪನಗರ ರೈಲಿಗಾಗಿ ‘ಚುಕು ಬುಕು ಬೇಕು’ ಎಂದಾಗಲೂ ಇದೇ ರಚನೆ ಕೆಲಸಮಾಡಿತು. ಕನ್ನಡವನ್ನು ತಾಯ್ನುಡಿಯವರ ಸ್ವತ್ತೆಂದು ಕಾಣದೆ ನಗರದ ಸಾರ್ವಜನಿಕ ಭಾಷೆಯೆಂದು ಕಾಣುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ವಿಮಾನ ನಿಲ್ದಾಣದ ದಾರಿಯ ಸೇತುವೆಯ ಕುರಿತು ಟ್ವಿಟರ್‌ನಲ್ಲಿ ಮಾತಾಡಬಲ್ಲವರು ನಗರದ ಒಂದು ಪಾಲು ಮಾತ್ರ. ಆ ದಾರಿಯಲ್ಲಿ ಬಸ್ಸಿಗೆ ಕಾಯುವವರಿಗೆ, ಬೀದಿಬದಿಯಲ್ಲಿ ವ್ಯಾಪಾರ ಮಾಡುವವರಿಗೆ ಬೇಕಿತ್ತೋ ಬೇಡವಾಗಿತ್ತೋ ಎಂಬುದನ್ನು ಟ್ಯಾಗ್ ಹೇಳುವುದಿಲ್ಲ. ಚತುರ್ಥಿ ಖಾಲಿಯಿದ್ದಾಗ ದನಿಯಿದ್ದವರು ಅದನ್ನು ತುಂಬುತ್ತಾರೆ; ದನಿಯಿಲ್ಲದವರೂ ಅದರೊಳಗೇ ಇದ್ದಾರೆಂದು ಎಲ್ಲರೂ ಭಾವಿಸುತ್ತಾರೆ.

5. ‘ನಮ್ಮ ಮೆಟ್ರೋ ಹಿಂದಿ ಬೇಡ’

ಮಾನವ ಸರಪಳಿಯಾಗಿ ಎಂಟು ತಿಂಗಳಿಗೆ, 2017ರ ಜೂನ್‌ನಲ್ಲಿ, ಅದೇ ‘ಬೇಡ’ ಇನ್ನೊಂದು ಕೆಲಸಕ್ಕೆ ಬಂತು. ಜೂನ್ 17ರಂದು ಮೆಟ್ರೋದ ಮೊದಲ ಹಂತದ 42.3 ಕಿ.ಮೀ. ಮಾರ್ಗ ಪೂರ್ಣಗೊಂಡಿತು. ನಿಲ್ದಾಣಗಳ ಫಲಕಗಳಲ್ಲಿ ಮತ್ತು ಪ್ರಕಟಣೆಗಳಲ್ಲಿ ಕನ್ನಡ, ಇಂಗ್ಲಿಷ್‌ಗಳ ಜೊತೆ ಹಿಂದಿಯೂ ಇತ್ತು. ಇದನ್ನು ಪ್ರಶ್ನಿಸಿ ಹಬ್ಬಿದ ಟ್ಯಾಗ್ ‘ನಮ್ಮ ಮೆಟ್ರೋ ಹಿಂದಿ ಬೇಡ’. ಜುಲೈನಲ್ಲಿ ಕೆಲವು ನಿಲ್ದಾಣಗಳಲ್ಲಿ ಹಿಂದಿ ಅಕ್ಷರಗಳ ಮೇಲೆ ಕಾಗದ ಅಂಟಿಸಲಾಯಿತು, ಕೆಲವೆಡೆ ಮಸಿ ಬಳಿಯಲಾಯಿತು. ತಿಂಗಳ ಕೊನೆಯ ಹೊತ್ತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆದರು. ಬಳಿಕ ಹಿಂದಿ ಫಲಕಗಳನ್ನು ತೆಗೆಯಲಾಯಿತು.

ಹೋರಾಟದ ವಾದ ಸ್ಪಷ್ಟವಾಗಿತ್ತು, ನ್ಯಾಯವೂ ಆಗಿತ್ತು ಎಂಬುದು ಈ ಲೇಖಕಿಯ ನಿಲುವು. ಮೆಟ್ರೋ ನಿಗಮವು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಸಂಸ್ಥೆ. ಕೇಂದ್ರದ 1976ರ ರಾಜಭಾಷಾ ನಿಯಮಗಳು ರಾಜ್ಯಗಳನ್ನು ಮೂರು ವಲಯಗಳಾಗಿ ವಿಂಗಡಿಸಿ ಕರ್ನಾಟಕವನ್ನು ‘ಗ’ ವಲಯದಲ್ಲಿ, ಅಂದರೆ ಹಿಂದಿಯ ಬಳಕೆ ಅತಿ ಕಡಿಮೆ ನಿರೀಕ್ಷಿತವಾದ ಗುಂಪಿನಲ್ಲಿ, ಇರಿಸಿವೆ. ದೆಹಲಿಯ ಮೆಟ್ರೋದಲ್ಲಿ ಹಿಂದಿ, ಇಂಗ್ಲಿಷ್ ಎಂಬ ಎರಡು ಭಾಷೆ ಸಾಕಾದರೆ ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್ ಏಕೆ ಸಾಲದು ಎಂಬ ಪ್ರಶ್ನೆಗೆ ಸಮಂಜಸ ಉತ್ತರ ಬರಲಿಲ್ಲ. ಈ ವಾದಗಳು ಟ್ಯಾಗಿನ ಜೊತೆಗಿದ್ದ ಬರಹಗಳಲ್ಲಿದ್ದವು. ಊರ ಹೊರಗೆ ಸುದ್ದಿಯಾಗಿ ಹೋದದ್ದು ಟ್ಯಾಗ್.

ಟ್ಯಾಗನ್ನು ಪೂರ್ಣ ವಾಕ್ಯವಾಗಿ ಬಿಡಿಸಿದರೆ ಹೀಗಾಗುತ್ತದೆ:

(5) ನಮಗೆ ನಮ್ಮ ಮೆಟ್ರೋದಲ್ಲಿ ಹಿಂದಿ ಹೇರಿಕೆ ಬೇಡ.

ಇದರಲ್ಲಿ ಮೂರು ಲೋಪಗಳಿವೆ. ಮೊದಲನೆಯದು ‘ನಮಗೆ’, ಅದರ ಚರ್ಚೆ ಆಗಿದೆ. ಎರಡನೆಯದು ‘ಅಲ್ಲಿ’ ಎಂಬ ಸಪ್ತಮಿ ಪ್ರತ್ಯಯ. ಸಪ್ತಮಿಯಿದ್ದರೆ ಬೇಡಿಕೆ ಒಂದು ಜಾಗಕ್ಕೆ, ಒಂದು ಸಂಸ್ಥೆಯ ಫಲಕಕ್ಕೆ ಸೀಮಿತ. ಅದು ಬಿದ್ದುಹೋದಾಗ ‘ನಮ್ಮ ಮೆಟ್ರೋ’ ಎಂಬುದು ಪೀಠಿಕೆಯಾಗಿಯೋ ಸಂಬೋಧನೆಯಾಗಿಯೋ ಉಳಿದು, ‘ಹಿಂದಿ ಬೇಡ’ ಎಂಬುದು ಸ್ವತಂತ್ರ ವಾಕ್ಯವಾಗಿ ನಿಲ್ಲುತ್ತದೆ. ಮೂರನೆಯದು ‘ಹೇರಿಕೆ’. ಇದು ‘ಹೇರು’ ಧಾತುವಿನಿಂದ ಬಂದ ನಾಮಪದ. ಎತ್ತಿನ ಮೇಲೆ, ಗಾಡಿಯ ಮೇಲೆ ಹೊರೆ ಹೇರುವವರು ಯಾರೋ ಇರುತ್ತಾರೆ, ಹೊರುವವರು ಇನ್ನಾರೋ ಇರುತ್ತಾರೆ. ‘ಹೇರಿಕೆ ಬೇಡ’ ಎಂದರೆ ಬೊಟ್ಟು ಹೇರುವವರ ಕಡೆಗೆ, ಅಂದರೆ ನೀತಿಯ ಕಡೆಗೆ, ಪ್ರಭುತ್ವದ ಕಡೆಗೆ. ‘ಹಿಂದಿ ಬೇಡ’ ಎಂದರೆ ಬೊಟ್ಟು ಭಾಷೆಯ ಕಡೆಗೆ. ಭಾಷೆಯೆಂದೊಡನೆ ಅದನ್ನಾಡುವವರು ತಮ್ಮ ಕಡೆಗೇ ಎಂದುಕೊಳ್ಳುವುದು ಸಹಜ.

ಆಗ ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದ ಈ ಲೇಖಕಿಯೂ ಆ ಟ್ಯಾಗ್ ಹಾಕಿದವಳೇ. ಮರುದಿನ ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಬಿಹಾರದ ಗೆಳತಿಯೊಬ್ಬಳು, ನಮ್ಮ ಜೊತೆಗಿದ್ದೇ ಕನ್ನಡ ಕಲಿತವಳು, ‘ನಾನೂ ಬೇಡ್ವಾ?’ ಎಂದು ಕೇಳಿದಳು. ಅರ್ಧ ತಮಾಷೆ, ಅರ್ಧ ನಿಜ. ವ್ಯಾಕರಣದ ದೃಷ್ಟಿಯಿಂದ ಅವಳ ಪ್ರಶ್ನೆ ಕರಾರುವಾಕ್ಕಾಗಿತ್ತು. ‘ಹಿಂದಿ’ ಇದ್ದ ಜಾಗದಲ್ಲಿ ಅವಳು ತನ್ನನ್ನು ಇಟ್ಟು ನೋಡಿದ್ದಳು. ‘ಊ’ ಎಂಬ ಸಮುಚ್ಚಯದಿಂದ ಭಾಷೆಯ ಜೊತೆ ತನ್ನನ್ನು ಸೇರಿಸಿಕೊಂಡಿದ್ದಳು. ‘ಹಾಗಲ್ಲ, ಬೋರ್ಡಿನ ಮೇಲೆ ಬೇಡ ಅಂತ’ ಎಂದು ನಾನು ಉತ್ತರಿಸಿದೆ. ಟ್ಯಾಗ್ ಬಿಟ್ಟಿದ್ದ ಸಪ್ತಮಿಯನ್ನು ಊಟದ ಸಾಲಿನಲ್ಲಿ ನಿಂತು ನಾನು ತುಂಬಬೇಕಾಯಿತು. ಎದುರಿಗೆ ಬಂದು ಕೇಳುವ ಗೆಳತಿ ಇಲ್ಲದ ಕಡೆ ಅದನ್ನು ಯಾರು ತುಂಬಿದರು, ಹೇಗೆ ತುಂಬಿದರು? ರಾಷ್ಟ್ರೀಯ ವಾಹಿನಿಗಳ ಚರ್ಚೆಗಳು ತುಂಬಿದ ಬಗೆ ನಮಗೆ ಗೊತ್ತಿದೆ: ಸಂಕುಚಿತ ಭಾಷಾಭಿಮಾನ, ವಲಸಿಗರ ದ್ವೇಷ. ಆ ಓದನ್ನು ದುರುದ್ದೇಶದ್ದೆಂದು ತಳ್ಳಿಹಾಕುವುದು ಸುಲಭ. ಆದರೆ ವಾಕ್ಯ ಅದಕ್ಕೆ ಅವಕಾಶ ಕೊಟ್ಟಿತ್ತು ಎಂಬುದನ್ನು ಭಾಷಾವಿಜ್ಞಾನದವರು ಒಪ್ಪಲೇಬೇಕು.

‘ನಮ್ಮ’ ಎಂಬ ಪದದಲ್ಲೂ ಇದೇ ಇಕ್ಕಟ್ಟಿದೆ. ‘ನಮ್ಮ ಮೆಟ್ರೋ’ ಎಂಬುದು ನಿಗಮವೇ ಇಟ್ಟ ವ್ಯಾಪಾರನಾಮ; ಅಲ್ಲಿ ‘ನಮ್ಮ’ ಎಂಬುದು ಬಹುಮಟ್ಟಿಗೆ ಅಂಕಿತನಾಮದ ಅಂಗವಾಗಿ ಜಡಗೊಂಡಿತ್ತು. ಟ್ಯಾಗ್ ಅದಕ್ಕೆ ಮತ್ತೆ ಸರ್ವನಾಮದ ಜೀವ ಕೊಟ್ಟಿತು: ನಮ್ಮದು ಎನ್ನುತ್ತೀರಿ, ಹಾಗಾದರೆ ನಮ್ಮ ಮಾತು ಕೇಳಿ. ಇದು ನಿಜಕ್ಕೂ ಜಾಣತನದ ಪ್ರಯೋಗ. ಆದರೆ ತಮಿಳು, ತೆಲುಗು, ತುಳುಗಳಲ್ಲಿ ಇರುವಂತೆ, ಕೇಳುಗನನ್ನು ಒಳಗೊಳ್ಳುವ ‘ನಾವು’ ಮತ್ತು ಹೊರಗಿಡುವ ‘ನಾವು’ ಎಂಬ ಭೇದ ಇಂದಿನ ಕನ್ನಡದಲ್ಲಿಲ್ಲ. ತುಳುವಿನವರು ‘ನಮ’ ಎಂದರೆ ನೀನೂ ಸೇರಿ, ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು. ಕನ್ನಡದ ‘ನಮ್ಮ’ ಎರಡನ್ನೂ ಹೊರುತ್ತದೆ. ನಿಗಮದ ‘ನಮ್ಮ’ ಎಲ್ಲ ಪ್ರಯಾಣಿಕರನ್ನೂ ಒಳಗೊಂಡಿತ್ತು. ಟ್ಯಾಗಿನ ‘ನಮ್ಮ’ ಯಾರನ್ನು ಒಳಗೊಂಡಿತ್ತು ಎಂಬುದನ್ನು ಓದುವವರು ತಂತಮ್ಮ ಭಯ ಭರವಸೆಗಳಿಗೆ ತಕ್ಕಂತೆ ತೀರ್ಮಾನಿಸಿದರು. ಎಂಟು ತಿಂಗಳ ಹಿಂದೆ ‘ಬೇಡ’ ಎಂದು ಊರಿನವರೊಡನೆ ದನಿಗೂಡಿಸಿದ್ದ ಕನ್ನಡೇತರರಲ್ಲಿ ಕೆಲವರಿಗೆ ಈಗ ಅದೇ ಪದ ತಮ್ಮನ್ನು ತಡೆಯುವ ಪದವಾಗಿ ಕೇಳಿಸಿರಬೇಕು. ಪದ ಬದಲಾಗಿರಲಿಲ್ಲ, ಇಂಗಿತದ ‘ಬೇಡ’ ನಿಷೇಧದ ‘ಬೇಡ’ವಾಗಿ ಓದಿಸಿಕೊಂಡಿತ್ತು.

ಇದರ ಜೊತೆಗೆ ಒಂದು ಆಕ್ಷೇಪವನ್ನೂ ಪರಿಗಣಿಸಬೇಕು. (5)ರಂಥ ಪೂರ್ಣ ವಾಕ್ಯ ಟ್ಯಾಗ್ ಆಗಿದ್ದರೆ ಅದು ಹಬ್ಬುತ್ತಿರಲಿಲ್ಲ, ಹಬ್ಬದಿದ್ದರೆ ಫಲಕಗಳು ಬದಲಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಲೋಪವೇ ಟ್ಯಾಗಿನ ಬಲವೆಂದು ಆರಂಭದಲ್ಲೇ ಹೇಳಿದ್ದೇನೆ. ಆದರೆ ಫಲಕ ಬದಲಾದದ್ದು ಟ್ಯಾಗಿಗೆ ಸಿಕ್ಕ ಉತ್ತರವಾಗಿ ಮಾತ್ರವಲ್ಲ. ಏನು, ಎಲ್ಲಿ, ಯಾರ ಪರವಾಗಿ ಎಂಬುದನ್ನು ತುಂಬಿಕೊಂಡ ಸರ್ಕಾರಿ ಪತ್ರಕ್ಕೆ ಸಿಕ್ಕ ಉತ್ತರವಾಗಿ ಕೂಡ. ಲೋಪವಿರುವ ಮಾತು ಜನರನ್ನು ಸೇರಿಸಿತು, ಲೋಪ ತುಂಬಿದ ಮಾತು ಕೆಲಸ ಮಾಡಿಸಿತು. ಎರಡರ ನಡುವಿನ ಭಾಷಾಂತರವನ್ನು ಯಾರು ಮಾಡುತ್ತಾರೆ ಎಂಬುದೇ ರಾಜಕೀಯದ ಪ್ರಶ್ನೆ.

6. ಎರಡು ಹೋಲಿಕೆಗಳು

‘ಬೇಡ’ವಿಲ್ಲದ ಟ್ಯಾಗ್‌ಗಳು ಈ ಜಾಗಗಳನ್ನು ಹೇಗೆ ನಿಭಾಯಿಸಿವೆ ಎಂಬುದನ್ನು ಎರಡು ಉದಾಹರಣೆಗಳಿಂದ ನೋಡಬಹುದು. 2021ರ ಜೂನ್‌ನಲ್ಲಿ ತುಳುವರು ತಮ್ಮ ಭಾಷೆಗೆ ಅಧಿಕೃತ ಸ್ಥಾನ ಕೇಳಿ ನಡೆಸಿದ ಟ್ವಿಟರ್ ಅಭಿಯಾನದ ಟ್ಯಾಗ್ ‘ತುಳು ಅಫಿಷಿಯಲ್ ಇನ್ ಕೆಎ ಕೆಎಲ್’. ತುಳುವಿನಲ್ಲಿ ‘ಬೋಡು’, ‘ಬೊಡ್ಚಿ’ ಎಂಬ ರೂಪಗಳಿದ್ದರೂ ಅಭಿಯಾನ ಇಂಗ್ಲಿಷನ್ನು ಆರಿಸಿಕೊಂಡಿತು. ಎರಡು ರಾಜ್ಯಗಳಿಗೆ ಒಟ್ಟಿಗೆ ಕೇಳಿಸಬೇಕಾಗಿತ್ತು. ಆದರೆ ಕನ್ನಡದ ಟ್ಯಾಗ್ ಕಳಚಿದ್ದ ಸಪ್ತಮಿಯ ಅರ್ಥ ಇಲ್ಲಿ ‘ಇನ್’ ಎಂಬ ಪದವಾಗಿ ಉಳಿದುಕೊಂಡಿದೆ, ಕರ್ನಾಟಕ ಮತ್ತು ಕೇರಳ ಎಂಬ ಜಾಗಗಳೂ ಹೆಸರಾಗಿ ಬಂದಿವೆ. ಕೇಳುವುದು ಏನು, ಎಲ್ಲಿಯ ಮಟ್ಟಿಗೆ ಎಂಬ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಕನ್ನಡದ ‘ನಮ್ಮ’ದೊಳಗೆ ತಾವಿದ್ದೇವೆಯೇ ಎಂದು ಕರ್ನಾಟಕದೊಳಗಿನ ಇನ್ನೊಂದು ಭಾಷೆಯವರು ಕೇಳುತ್ತಿರುವ ಪ್ರಶ್ನೆಯೂ ಅದರಲ್ಲಿದೆ, ಅದಕ್ಕೆ ಕನ್ನಡದವರು ಇನ್ನೂ ಉತ್ತರಿಸಬೇಕಿದೆ.

2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಪ್ರಕಟಿಸಿದಾಗ ಹಬ್ಬಿದ ‘ಗೋ ಬ್ಯಾಕ್ ಅಮುಲ್’, ‘ಸೇವ್ ನಂದಿನಿ’ ಎಂಬವು ಇನ್ನೊಂದು ಬಗೆಯವು. ಇಲ್ಲಿ ವಿಧ್ಯರ್ಥವಿದೆ, ಮೊದಲನೆಯದರಲ್ಲಿ ಯಾರನ್ನು ಉದ್ದೇಶಿಸಿದೆ ಎಂಬುದು ಹೆಸರು ಸಮೇತ ಇದೆ. ‘ಗೋ ಬ್ಯಾಕ್’ ಎಂಬುದಕ್ಕೆ 1928ರ ಸೈಮನ್ ಆಯೋಗದ ವಿರುದ್ಧದ ಘೋಷಣೆಯ ನೆನಪಿನ ಬಲವೂ ಇದೆ. ಆದರೆ ಆ ನೆನಪು ಒಂದು ರಾಜ್ಯದ ಸಹಕಾರಿ ಸಂಸ್ಥೆಯನ್ನು ವಸಾಹತು ಪ್ರಭುತ್ವದ ಜಾಗದಲ್ಲಿ ಕೂರಿಸುತ್ತದೆ. ಸಹಕಾರಿ ಹಾಲು ಒಕ್ಕೂಟಗಳ ಮಾರುಕಟ್ಟೆಯ ಹಂಚಿಕೆ ಹೇಗಿರಬೇಕು ಎಂಬ ಗಂಭೀರ ಪ್ರಶ್ನೆ, ಹೊರಗಿನವರು ಒಳಗಿನವರು ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ. ಹೈನುಗಾರ ರೈತರಿಗೆ ಏನು ಬೇಕು ಎಂಬ ಚತುರ್ಥಿ ಇಲ್ಲೂ ಕಾಣೆ.

7. ಸಮಾರೋಪ

ಡಿ.ಎನ್. ಶಂಕರ ಭಟ್ಟರ 2000ದ ಪುಸ್ತಕದ ಹೆಸರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಅದೂ ಒಂದು ಬೇಡಿಕೆಯೇ, ಘೋಷಣೆಯ ಬಿಗಿಯೂ ಅದಕ್ಕಿದೆ. ಆದರೆ ಯಾವುದಕ್ಕೆ ಬೇಕು ಎಂಬ ಚತುರ್ಥಿ ಮೊದಲ ಪದವಾಗಿ ನಿಂತಿದೆ, ಎಂಥದು ಬೇಕು ಎಂಬುದು ಅವಧಾರಣೆಯೊಡನೆ ಬಂದಿದೆ. ಚಿಕ್ಕದಾಗಿರುವುದಕ್ಕಾಗಿ ಅಸ್ಪಷ್ಟವಾಗಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಸಾಮಾಜಿಕ ಮಾಧ್ಯಮ ಅರಿವನ್ನು ಕೊಡುತ್ತದೆ ಎನ್ನುವವರೂ ಕೆಡಿಸುತ್ತದೆ ಎನ್ನುವವರೂ ಟ್ಯಾಗನ್ನು ಮುಗಿದ ಮಾತೆಂದು ಎಣಿಸುತ್ತಾರೆ. ಮೇಲಿನ ವಿಶ್ಲೇಷಣೆ ಸೂಚಿಸುವುದು ಅದು ಅರ್ಧ ಮಾತು ಎಂಬುದನ್ನು. ಉಳಿದರ್ಧವನ್ನು ಮಾನವ ಸರಪಳಿ ತುಂಬಬಹುದು, ಪತ್ರ ತುಂಬಬಹುದು, ವಾಹಿನಿಯ ನಿರೂಪಕರು ತುಂಬಬಹುದು, ಮಸಿಯ ಡಬ್ಬಿಯೂ ತುಂಬಬಹುದು. ಟ್ಯಾಗ್ ಹಾಕಿದವರು ‘ಯಾರಿಗೆ, ಎಲ್ಲಿ, ಏನು’ ಎಂಬ ಮೂರು ಪ್ರಶ್ನೆಗಳಿಗೆ ತಾವೇ ಪೂರ್ಣ ವಾಕ್ಯದಲ್ಲಿ ಉತ್ತರಿಸಬಲ್ಲರೇ ಎಂಬುದರಲ್ಲಿ ಅವರ ರಾಜಕೀಯ ಅರಿವಿನ ಅಳತೆ ಇದೆ. ಶಾಲಾ ವ್ಯಾಕರಣದಲ್ಲಿ ವಿಭಕ್ತಿಗಳನ್ನು ಕಂಠಪಾಠ ಮಾಡಿಸುವ ನಾವು, ಅದೇ ಪಾಠದಲ್ಲಿ ಒಂದು ಟ್ಯಾಗನ್ನು ಕೊಟ್ಟು ವಾಕ್ಯವಾಗಿ ಬಿಡಿಸಲು ಹೇಳಿದರೆ, ಒಂದೇ ಟ್ಯಾಗಿಗೆ ತರಗತಿಯಲ್ಲಿ ಎಷ್ಟು ಬಗೆಯ ವಾಕ್ಯಗಳು ಬರುತ್ತವೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಈ ಅಧ್ಯಯನ ರೋಮನ್ ಲಿಪಿಯ, ಬೆಂಗಳೂರಿನ, ಟ್ವಿಟರ್‌ನ ಬರಹಕ್ಕೆ ಸೀಮಿತ. ಕಲಬುರಗಿಯ ಅಥವಾ ಧಾರವಾಡದ ವಾಟ್ಸಾಪ್ ಗುಂಪಿನ ಧ್ವನಿಸಂದೇಶದಲ್ಲಿ ‘ಬ್ಯಾಡ’ ಮತ್ತು ‘ಒಲ್ಲೆವು’ ಹೇಗೆ ಕೆಲಸ ಮಾಡುತ್ತವೆ, ಅಲ್ಲಿ ದನಿಯೂ ಪರಿಚಯವೂ ಇರುವುದರಿಂದ ಅಧ್ಯಾಹಾರ ಹೆಚ್ಚು ಸುರಕ್ಷಿತವೇ ಎಂಬುದನ್ನು ನೋಡಬೇಕಿದೆ. ‘ನಾನೂ ಬೇಡ್ವಾ?’ ಎಂದು ಕೇಳಲು ಅಲ್ಲಿ ಯಾರಿಗೆ ಅವಕಾಶವಿದೆ ಎಂಬುದು ಆ ಅಧ್ಯಯನದ ಮೊದಲ ಪ್ರಶ್ನೆಯಾಗಬೇಕು.